ಹೊಲಿಗೆ ಒಣಗುವ ತನಕ

ಪೆಂಡಾಲದ ಚಾಚಾನ ಎಡಗೈ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಮದುವೆ ಮನೆಗಳ ಮುಂದೆ ಕಬ್ಬಿಣದ ಗೂಟ ಬಡಿಯುವಾಗ ಎಂದೋ ಸುತ್ತಿಗೆ ಜಾರಿ ಹೋದದ್ದಂತೆ. ಆ ಬೋಳು ಬೆರಳನ್ನು ಬಟ್ಟೆಯ ಮೇಲೆ ಎಳೆದು ಹಸಿಯೋ ಒಣಗಿದೆಯೋ ಹೇಳಿಬಿಡುತ್ತಿದ್ದರು. ಅದರ ಮೇಲೆ ಯಾರ ವಾದವೂ ನಡೆಯುತ್ತಿರಲಿಲ್ಲ, ನನ್ನದಂತೂ ಒಂದು ದಿನವೂ ನಡೆಯಲಿಲ್ಲ.

ನಾನು ಬಾದಾಮಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಭಾನುವಾರ ಬಂದರೆ ಹ್ಯಾಂಗ್ ಗ್ಲೈಡರ್ ಎಂಬ ಬಟ್ಟೆಯ ರೆಕ್ಕೆಗೆ ಜೋತುಬಿದ್ದು ಪಟ್ಟದಕಲ್ಲಿನ ದಾರಿಯ ಗುಡ್ಡದಿಂದ ಹಾರುವವಳು. ಹಾರುವುದು ಹತ್ತು ನಿಮಿಷ. ಇಳಿದ ಮೇಲೆ ರೆಕ್ಕೆಯೊಳಗಿನ ಕಡ್ಡಿಗಳನ್ನು ಒಂದೊಂದಾಗಿ ಎಳೆದು, ತಂತಿ ಮುರುಟದಂತೆ ಕೊಳವೆಗಳನ್ನು ಒಟ್ಟಿಗೆ ತಂದು, ಬಟ್ಟೆ ಸುತ್ತಿ ಚೀಲಕ್ಕೆ ಹಾಕುವುದು ಒಂದು ತಾಸು. ಹದಿನೆಂಟು ಅಡಿಯ ಆ ಗಂಟು ಯಾವ ಬಾಡಿಗೆ ಮನೆಯಲ್ಲಿ ಹಿಡಿಸೀತು? ಚಾಚಾ ತಮ್ಮ ಗೋಡೌನಿನಲ್ಲಿ ಬಿದಿರುಗಳ ಪಕ್ಕ ಜಾಗ ಕೊಟ್ಟರು. ಬಾಡಿಗೆ ಬೇಡವೆಂದರು. ಬದಲಿಗೆ ನನ್ನ ತಲೆ ತಿಂದರು.

ಪ್ರತಿ ವಾರ ಬಾಗಿಲಲ್ಲೇ ಚೀಲ ಬಿಚ್ಚಿಸುತ್ತಿದ್ದರು. ಒಂದು ಚಳಿಗಾಲದ ಭಾನುವಾರ ಸಂಜೆ ಇಳಕಲ್ಲಿನಲ್ಲಿ ನನ್ನ ತಂಗಿಯ ನಿಶ್ಚಯ. ಗಾಳಿ ಕೈಕೊಟ್ಟು, ಆಗತಾನೇ ನೀರು ಹಾಯಿಸಿದ್ದ ಹೊಲದಲ್ಲಿ ಇಳಿದಿದ್ದೆ. ಓಡೋಡಿ ಬಂದರೆ ಚಾಚಾ ಬೆರಳು ಎಳೆದರು.

"ಹಸಿ ಐತ್ರಿ ಅಕ್ಕೋರ. ಒಳಗ ಬರಂಗಿಲ್ಲ."

"ಚಾಚಾ, ಇದೇನ ನಿಮ್ಮ ಪೆಂಡಾಲದ ಬಟ್ಟಿ ಅಲ್ರಿ. ಇದು ನೀರ ಹೀರಂಗಿಲ್ಲ. ನನ್ನ ಬಸ್ ಹೋಗತೈತಿ!"

"ಬಟ್ಟಿ ಹೀರಂಗಿಲ್ಲ, ಖರೆ. ಹೊಲಿಗಿ ಹಿಡಕೊಂಡು ಕುಂದರತೈತಿ. ಮ್ಯಾಲ ಹೋದಾಗ ಹೊಲಿಗಿ ಬಿಟ್ರ, ಬಟ್ಟಿ ಇದ್ದು ಏನ್ ಮಾಡೂದ್ರಿ?"

ವಿಜ್ಞಾನ ಕಲಿಸುವವಳಿಗೆ ವಿಜ್ಞಾನ! ಹಲ್ಲು ಕಚ್ಚಿ ಎಲ್ಲ ಬಿಚ್ಚಿ ಹರಡಿದೆ. ಒಣಗುವಷ್ಟರಲ್ಲಿ ಬಸ್ಸೂ ಹೋಯಿತು, ನಿಶ್ಚಯವೂ ಮುಗಿಯಿತು. "ನಿನಗ ನನಗಿಂತ ಆ ಬಟ್ಟೀನ ಹೆಚ್ಚಾತು," ಎಂದು ತಂಗಿ ಫೋನಿಟ್ಟಳು. ನಾನು ತಿರುಗಿ ಚಾಚಾನ ಮೇಲೆ ಹರಿಹಾಯ್ದೆ. "ನಿಮಗ ಗೂಟ ಬಡಿಯೂದು ಗೊತ್ತು. ಹಾರೂದು ನಿಮಗೇನ ತಿಳೀತೈತಿ?" ಅಂದೆ. ಅವರು ಚೀಲದ ಪಟ್ಟಿಯ ತುದಿ ಹಿಡಿದುಕೊಂಡು ನಿಂತರು, ನಾನು ಕಟ್ಟಲೆಂದು. ಅದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ಮೇ ತಿಂಗಳ ಕೊನೆಯ ಹಾರಾಟಕ್ಕೆ ಮಳೆ ಸಿಕ್ಕಿಬಿಟ್ಟಿತು. ಚಾಚಾ ಅಮೀನಗಡದಲ್ಲಿ ಮದುವೆಯ ಪೆಂಡಾಲ ಬಿಚ್ಚಲು ಹೋಗಿದ್ದರು, ಕೀಲಿ ಅವರ ಹೆಂಡತಿ ಚಾಚಿಯ ಕೈಯಲ್ಲಿ. ನಾನು ಹೊರಗೆ ಒರೆಸಿ, ಒಳಗೆ ಹಸಿಯಿದ್ದಂತೆಯೇ ಚೀಲವನ್ನು ಬಿದಿರುಗಳ ಪಕ್ಕ ತಳ್ಳಿ ಬಂದೆ. ಕದ್ದು ಗೆದ್ದ ಖುಷಿ ಬೇರೆ. ನಾಳೆ ಒಣಗಿಸಿದರಾಯಿತು ಎಂದುಕೊಂಡೆ. ಮಳೆಗಾಲಕ್ಕೆ ಹಾರಾಟ ನಿಂತಿತು, ಆ ನಾಳೆ ಬರಲೇ ಇಲ್ಲ. ಆಷಾಢದಲ್ಲಿ ಚಾಚಾ ಎದೆಬಡಿತ ನಿಂತು ತೀರಿಕೊಂಡರು.

ಮಳೆ ಮುಗಿದು ದಸರೆಗೆ ಚೀಲ ತೆಗೆದಾಗ ಬೂಸು ವಾಸನೆಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ವಾಸನೆ ಇರಲಿಲ್ಲ. ಒಳಗೆ ಮಾತ್ರ ಎಲ್ಲ ಉಲ್ಟಾ. ಎಡಗಡೆಯ ಕಡ್ಡಿಗಳು ಬಲಕ್ಕೆ, ಒಂದು ತಂತಿ ಕೊಳವೆಯಡಿ ಸಿಕ್ಕಿ ಮುರುಟಿಹೋಗಿದೆ, ಮೇಲೆ ಪೆಂಡಾಲದ ಗಂಟುಗಳು, ಎರಡು ತಾಸು ಬಿಚ್ಚಿದರೂ ಬಿಚ್ಚವು. ಯಾರು ಕೈಹಾಕಿದರು ಎಂದು ಉರಿದೆದ್ದು ಚಾಚಿಯ ಹತ್ತಿರ ಹೋದೆ.

"ಅವ್ರ ತಗದಿದ್ರವಾ," ಅಂದರು ಚಾಚಿ. "ಅಮೀನಗಡದಿಂದ ಬಂದವ್ರ ಬೆರಳ ಎಳದ್ರು. ಎರಡ ದಿನ ಅಂಗಳದಾಗ ಹಾಸಿ ಒಣಗಿಸಿದ್ರು. ಕಟ್ಟಾಕ ಬರಲಾರದ ಒದ್ದಾಡಿದ್ರು. ನಿಮ್ಮನ್ನ ಕರೀತೇನಿ ಅಂದ್ರ, ಬ್ಯಾಡ, ಅಕ್ಕೋರು ಸಿಟ್ಟಿಗೇಳತಾರ ಅಂದ್ರು."

ಹೌದು, ಏಳುತ್ತಿದ್ದೆ. ಆ ತಂತಿ ನೋಡಿದ್ದರೆ ಅಂಗಳದಲ್ಲೇ ಕೂಗಾಡುತ್ತಿದ್ದೆ. ಅಂಥವಳಿಗೆ ಹೆದರಿ ಆ ಮುದುಕ ಒಬ್ಬರೇ ಆ ಹದಿನೆಂಟು ಅಡಿಯ ಜೊತೆ ಗುದ್ದಾಡಿದ್ದರು. ತಂತಿ ಬದಲಿಸಿಕೊಂಡೆ. ಮತ್ತೆ ಹಾರುತ್ತಿದ್ದೇನೆ. ಚಾಚಾ ಇದ್ದಾಗ ಒಂದು ಸಲ ತಪ್ಪಾಯಿತೆನ್ನಲು ಬಾರದ ನನ್ನ ನಾಲಿಗೆಯ ಮೇಲೆ ಮಾತ್ರ ಸಿಟ್ಟು ಇಳಿದಿಲ್ಲ.