ಎದುರಿಗೆ ಕೂತ ಮುಖ

ತೊಂಬತ್ತರ ದಶಕದಲ್ಲಿ ನಾವು ಬಹರೈನಿನ ಬುಸೈತೀನಿನಲ್ಲಿದ್ದಾಗ ಊರಿಂದ ಅಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಅವಳ ಭಾವಚಿತ್ರ ಬರೆಸಬೇಕೆಂಬ ಹುಚ್ಚು ಮಗಳಾದ ನನಗೆ. ಆಫೀಸಿನವರೊಬ್ಬರು ಮನಾಮದ ಹಳೆ ಬಜಾರಿನ ಹಿಂದಿದ್ದ ಒಬ್ಬ ಯಹೂದಿ ಕಲಾವಿದೆಯ ಮನೆ ತೋರಿಸಿದರು.

ಆಕೆ ಅಲ್ಲೇ ಹುಟ್ಟಿದವರು. ಒಡಹುಟ್ಟಿದವರೆಲ್ಲ ಲಂಡನ್ ಸೇರಿದ್ದರೂ ಇವರು ಕದಲಿರಲಿಲ್ಲ. "ನನಗೆ ಗೊತ್ತಿರುವ ಮುಖಗಳೆಲ್ಲ ಇಲ್ಲೇ ಇವೆ" ಎನ್ನುತ್ತಿದ್ದರು. ಅಪ್ಪನ ಬಟ್ಟೆ ಅಂಗಡಿಯಲ್ಲಿ ಕಲಿತ ಅವರ ಹಿಂದಿ ನನ್ನದಕ್ಕಿಂತ ಚೆನ್ನಾಗಿತ್ತು. ಶುಕ್ರವಾರ ಸಂಜೆ ಅವರ ವಿಶ್ರಾಂತಿಯ ದಿನವಾದ ಸಬ್ಬತ್ ಶುರುವಾದರೆ ಕುಂಚ ಮುಟ್ಟುತ್ತಿರಲಿಲ್ಲ; ಹಾಗಾಗಿ ನಮ್ಮ ರಜೆಯ ಆ ದಿನ ಬೆಳಿಗ್ಗೆಯೇ ಹೋಗಿ ಕೂರಬೇಕು. ಫೋಟೊ ನೋಡಿ ಬರೆಯುವವರಲ್ಲ. ಎಂಥ ದೊಡ್ಡ ಸಾಹೇಬ ಬಂದು ಕೂತರೂ ಮುಖದ ನರೂಲಿಯನ್ನೂ ಬರೆಯದೆ ಬಿಡುತ್ತಿರಲಿಲ್ಲ. ಆ ಕೋಣೆಯ ಎಣ್ಣೆಬಣ್ಣದ ವಾಸನೆ, ಅವರು ಕೊಡುತ್ತಿದ್ದ ಒಣನಿಂಬೆಯ ಚಹಾ ನನಗೆ ಈಗಲೂ ಬೇಕೆನಿಸುತ್ತದೆ.

ಎರಡನೇ ಶುಕ್ರವಾರ ಅಮ್ಮ ಮೆಲ್ಲಗೆ ಅಂದಳು, "ಹಣೆಗೆ ಕುಂಕುಮ ಇಟ್ಟು ಬರೀಲಿಕ್ಕೆ ಹೇಳು ಮಗಾ."

ಅಪ್ಪ ತೀರಿಹೋಗಿ ಹನ್ನೊಂದು ವರ್ಷವಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. "ನಿಂಗೆ ಮರ್ಲಾ? ಊರಲ್ಲಿ ಅಣ್ಣ ಎಂತ ಹೇಳಿಯಾನು?"

"ಹೇಳ್ಲಿ. ನಂಗೆ ಒಂದು ಸಲ ಮೊದಲಿನ ಹಾಗೆ ನನ್ನನ್ನು ನೋಡ್ಬೇಕು."

ಒಪ್ಪಲಾರರು ಎಂಬ ಧೈರ್ಯದಿಂದಲೇ ಕಲಾವಿದೆಗೆ ಹಿಂದಿಯಲ್ಲಿ ಹೇಳಿದೆ. ಅವರು ತಲೆಯಲ್ಲಾಡಿಸಿದರು. "ಇಲ್ಲದ್ದನ್ನು ನಾನು ಬರೆಯುವುದಿಲ್ಲ. ಬೇಕಿದ್ದರೆ ಇಟ್ಟುಕೊಂಡು ಕೂರಲಿ."

ಗೆದ್ದೆ ಅಂದುಕೊಂಡೆ. ಚಿತ್ರದಲ್ಲಾದರೆ ಬರಿಯ ಬಣ್ಣ. ನಿಜವಾಗಿ ಇಟ್ಟುಕೊಳ್ಳುವ ಎದೆಗಾರಿಕೆ ಅಮ್ಮನಿಗೆ ಎಲ್ಲಿಂದ ಬರಬೇಕು? ಅವರು ಅಂದದ್ದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ; ಅವಳು ಏಳಲಿಲ್ಲ. ಸೆರಗಿನ ತುದಿ ಹಿಡಿದು ನನ್ನ ಹಣೆಯನ್ನೇ ನೋಡುತ್ತ ಕೂತಳು. ನನಗೆ ನನ್ನ ಮೇಲೆಯೇ ನಾಚಿಕೆಯಾಯಿತು. ಎದ್ದುಹೋಗಿ ನನ್ನ ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು ಅವಳ ಹಣೆಗೆ ಅಂಟಿಸಿದೆ.

ಕಲಾವಿದೆ ಒಂದು ಕನ್ನಡಿ ತಂದು ಅಮ್ಮನ ಕೈಗಿತ್ತರು. ಅಮ್ಮ ಬಹಳ ಹೊತ್ತು ನೋಡಿ, ಬೆನ್ನು ನೆಟ್ಟಗೆ ಮಾಡಿ ಕೂತಳು. ಅವರು ಕುಂಚ ಎತ್ತಿಕೊಂಡರು. ಆಮೇಲಿನ ಪ್ರತಿ ಶುಕ್ರವಾರ ಅಮ್ಮ ಮನೆಯಿಂದಲೇ ಇಟ್ಟುಕೊಂಡು ಹೊರಟಳು.

ಚಿತ್ರ ನನ್ನಲ್ಲೇ ಉಳಿಯಿತು. ಅಮ್ಮ ತೀರಿಕೊಂಡ ಮೇಲೆ ಅಣ್ಣ ಅದನ್ನು ನೋಡಿ, "ಆ ಹೆಂಗಸಿಗೆ ನಮ್ಮ ಕ್ರಮ ಗೊತ್ತಿಲ್ಲ, ಅಂದಾಜಿಗೆ ಬರ್ದದ್ದು" ಅಂದ.

ನಾನು ಜಗಳಕ್ಕೇ ನಿಂತೆ. "ಅಂದಾಜಿಗೆ ಅಲ್ಲ ಅಣ್ಣ. ಅಮ್ಮ ಹಾಗೇ ಕೂತಿದ್ಲು."