ಭಾವ ಹಾಕಿಕೊಟ್ಟ ಚೌಕಗಳು

ಅಕ್ಕನ ಗಂಡನಿಗೆ ಗೊತ್ತಿಲ್ಲದ ವಿಷಯ ಚಿಂತಾಮಣಿಯಲ್ಲಿ ಇನ್ನೂ ಹುಟ್ಟಿಲ್ಲ. ಹಾಗೆಂದು ನಂಬಿರುವುದು ಅವರೊಬ್ಬರೇ. ವಿಂಡೋಸ್ ಬಳಸುವವರೆಲ್ಲ ಅವರ ಲೆಕ್ಕದಲ್ಲಿ ದಡ್ಡರು. ಅಮ್ಮ ಇರುವುದು ಅವರ ಮನೆಯಲ್ಲೇ. ಅಚ್ಚಾದ ಪುಸ್ತಕದ ಅಕ್ಷರ ಅವಳ ಕಣ್ಣಿಗೆ ಕಾಣದಂತಾಗಿತ್ತು. ಓದದಿದ್ದರೆ ಅವಳಿಗೆ ಅನ್ನ ಇಳಿಯುವುದಿಲ್ಲ. ಅದಕ್ಕೆ ಭಾವ ತಮ್ಮ ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿ, ಇ-ಪುಸ್ತಕಗಳನ್ನು ಜೋಡಿಸಿಟ್ಟು ಅಕ್ಷರ ದಪ್ಪ ಮಾಡಿ ತೋರಿಸುವ ಸಾಫ್ಟ್‌ವೇರ್ ಒಂದನ್ನು ಹಾಕಿಕೊಟ್ಟರು. ಆಮೇಲೆ ಅದನ್ನು ಊರಿಗೆಲ್ಲ ಹೇಳಿಕೊಂಡು ಬಂದರು.

ಗೌರಿಬಿದನೂರಿನಿಂದ ನಾನು ಫೋನ್ ಮಾಡಿದಾಗಲೆಲ್ಲ ಅಮ್ಮ, "ಓದ್ತಾ ಇದ್ದೀನಿ ಕಣೇ, ಅರ್ಧ ಆಯ್ತು" ಎನ್ನುತ್ತಿದ್ದಳು. ಕಥೆ ಏನು ಎಂದು ಕೇಳಿದರೆ ಮಾತು ಬದಲಿಸುತ್ತಿದ್ದಳು.

ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಹೋದೆ. ಅಮ್ಮ ಕನ್ನಡಕ ಹಾಕಿಕೊಂಡು ಲ್ಯಾಪ್‌ಟಾಪಿನಲ್ಲಿ ಪುಟ ತಿರುಗಿಸುತ್ತಿದ್ದಳು. ಹಿಂದೆ ನಿಂತು ನೋಡಿದೆ. ಕನ್ನಡ ಮೂಡದೆ ಪರದೆಯ ತುಂಬ ಖಾಲಿ ಚೌಕಗಳು. ಒಂದೇ ಒಂದು ಅಕ್ಷರವಿರಲಿಲ್ಲ.

"ಇದೇನಮ್ಮ?"

"ಮೆತ್ತಗೆ ಮಾತಾಡು. ಅಳಿಯಂದ್ರು ಅಷ್ಟು ಕಷ್ಟಪಟ್ಟು ಹಾಕ್ಕೊಟ್ಟಿದ್ದಾರೆ. ಅವರ ಮನೇಲಿದ್ಕೊಂಡು ಕಾಣಲ್ಲ ಅಂತ ಹೆಂಗೆ ಹೇಳ್ಲಿ?"

ಅಳಿಯನಿಗೆ ಎದುರಾಡುವುದು ನಮ್ಮಲ್ಲಿಲ್ಲ. ಸಾರಿಗೆ ಉಪ್ಪು ಕಮ್ಮಿ ಎಂದು ಅವನಂದರೆ, ಸರಿಯಾಗಿದ್ದರೂ ಅತ್ತೆ ಹೂಂ ಎನ್ನಬೇಕು. ಮಗಳ ಮನೆಯಲ್ಲಿ ಇರುವ ಅತ್ತೆಯಂತೂ ಬಾಯೇ ಬಿಡಬಾರದು. ಹಾಗಾಗಿ ಅಮ್ಮ ಇಷ್ಟು ದಿನ ಚೌಕಗಳನ್ನು ಓದಿದ್ದಳು. ನನಗೆ ಮೈಯೆಲ್ಲ ಉರಿಯಿತು.

ಊಟಕ್ಕೆ ಕೂತಾಗ ಹೇಳಿದೆ. "ಭಾವ, ನೀವು ಹಾಕಿರೋ ಸಾಫ್ಟ್‌ವೇರ್ ತುಂಬ ಹಳೇದು. ಹೊಸದ್ರಲ್ಲಿ ಕನ್ನಡ ಸರಿಯಾಗ್ ಬರುತ್ತೆ."

ಹಿದಕಬೇಳೆ ಸಾರಿನಲ್ಲಿ ಮುದ್ದೆ ಅದ್ದುತ್ತ ಅವರು ನಕ್ಕರು. "ಲಿನಕ್ಸ್ ಜೊತೇಲಿ ಬರೋ ಆ್ಯಪ್ ಸ್ಟೋರ್‌ನಲ್ಲಿ ಏನಿರುತ್ತೋ ಅದೇ ಸ್ಟೇಬಲ್ ಕಣಮ್ಮ. ಹೊಸದೆಲ್ಲ ಹುಡುಗಾಟ. ನಿಂಗೆ ಅರ್ಥ ಆಗಲ್ಲ ಬಿಡು."

ಆ 'ಸ್ಟೇಬಲ್' ಎಂಬ ಪದವನ್ನು ಎಲ್ಲಿಂದ ಹೆಕ್ಕಿ ತಂದರೋ ಕಾಣೆ. ನಮ್ಮ ರಸ್ತೆಯ ಗುಂಡಿಗಳೂ ಸ್ಟೇಬಲ್ಲೇ. ವರ್ಷಗಳಿಂದ ಇದ್ದಲ್ಲೇ ಇವೆ.

ಭಾವ ಉಂಡು ಮಲಗಿದರು. ಗೊರಕೆ ಶುರುವಾದ ಮೇಲೆ ನಾನು ಲ್ಯಾಪ್‌ಟಾಪ್ ಎಳೆದುಕೊಂಡೆ. ಆ ಸಾಫ್ಟ್‌ವೇರ್ ತಯಾರಿಸಿದವರ ವೆಬ್‌ಸೈಟಿಗೇ ಹೋದೆ. ಹಳೆಯದನ್ನು ತೆಗೆದು, ಹೊಸದನ್ನು ಇಳಿಸಲು ಅವರು ಕೊಟ್ಟಿದ್ದ ಒಂದು ಸಾಲಿನ ಆಜ್ಞೆಯನ್ನು ಟರ್ಮಿನಲ್ ಎಂಬ ಕಪ್ಪು ಕಿಟಕಿಯಲ್ಲಿ ಅಂಟಿಸಿದೆ. ಪಾಸ್‌ವರ್ಡ್ ಕೇಳಿತು. ಇಂಥ ಮಹಾನುಭಾವರು ಏನಿಟ್ಟಿರಬಹುದು? ಅವರ ಹೆಸರನ್ನೇ ಒತ್ತಿದೆ, ಒಪ್ಪಿಕೊಂಡಿತು. ಅಕ್ಕ ಪಾತ್ರೆ ತೊಳೆದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪುಸ್ತಕ ತೆರೆದರೆ ಕನ್ನಡ, ಒತ್ತಕ್ಷರಗಳ ಸಮೇತ. ಅಕ್ಷರ ದಪ್ಪ ಮಾಡಿ ಅಮ್ಮನ ಮುಂದಿಟ್ಟೆ. ಅವಳು ಮೊದಲ ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದಳು. ನನ್ನ ಕಡೆ ನೋಡಲೂ ಇಲ್ಲ.

ಭಾವ ಎದ್ದು ಕಾಫಿ ಲೋಟ ಹಿಡಿದುಕೊಂಡು ಬಂದರು. ಪರದೆಯನ್ನು ಇಣುಕಿದರು.

"ಏನತ್ತೆ, ಮೊದಲ್ನೇ ಪುಟ? ಮುಗ್ಸಿ ಇನ್ನೊಂದ್ಸಲ ಓದ್ತಾ ಇದ್ದೀರಾ?" ಎಂದವರು ನನ್ನ ಕಡೆ ತಿರುಗಿದರು. "ನೋಡ್ದ್ಯಾ? ಸ್ಟೇಬಲ್ ಅಂದ್ರೆ ಇದು."

ಅಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಇಲ್ಲ ಅಳಿಯಂದ್ರೆ, ಇವತ್ತೇ ಮೊದಲು" ಎಂದಳು. "ಇಷ್ಟು ದಿನ ಏನೂ ಕಾಣ್ತಿರ್ಲಿಲ್ಲ."