ಗದ್ದ ಊರಿ ಶ್ರುತಿ ಹಿಡಿಯುವ ಭಾಗ್ಯಕ್ಕ

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಆಟೊಗಳ ಗದ್ದಲ ಇನ್ನೂ ಶುರುವಾಗಿಲ್ಲ. ಭಾಗ್ಯಶ್ರೀ ಅಂಗಡಿ ಬಾಗಿಲು ಅರ್ಧ ತೆರೆದು, ಬಿಚ್ಚಿಟ್ಟ ಹಾರ್ಮೋನಿಯಂ ಪೇಟಿಯ ಮೇಲೆ ಗದ್ದ ಊರಿ ಕೂತಿದ್ದಾರೆ. ಒಂದು ಕೈ ತಿದಿ ಒತ್ತುತ್ತದೆ, ಇನ್ನೊಂದು, ನಾದ ಹೊರಡಿಸುವ ಹಿತ್ತಾಳೆ ರೀಡನ್ನು ಒಂಚೂರು ಕೆರೆಯುತ್ತದೆ. ಕಣ್ಣು ಮುಚ್ಚಿವೆ. ನೋಡಿದವರು ಅಕ್ಕ ನಿದ್ದೆ ಹೋದರೇನೋ ಅಂದುಕೊಳ್ಳಬೇಕು!

ನಿದ್ದೆ ಎಲ್ಲಿಯದು? ಅವರು ಶ್ರುತಿ ನೋಡುತ್ತಿದ್ದಾರೆ, ಗದ್ದದಿಂದ. "ಒಂದು ಸ್ವರಕ್ಕ ಎರಡು ರೀಡು ಇರ್ತಾವ್ರಿ. ಹೊಂದಲಿಲ್ಲಂದ್ರ ಕಟ್ಟಿಗಿ ಅಲಿ ಅಲಿಯಾಗಿ ನಡಗತೈತಿ. ಹೊಂದಿದ್ವು ಅಂದ್ರ ಅಲಿ ನಿಂತಬಿಡ್ತೈತಿ." ಬೀದಿಯಲ್ಲಿ ಗಾಡಿ ಓಡಾಡಿದರೆ ನೆಲವೇ ಅದುರಿ ಎಲ್ಲ ಕಲಸಿಹೋಗುತ್ತದೆ. ಅದಕ್ಕೇ ಈ ನಸುಕಿನ ಕೆಲಸ.

ಭಜನಾ ಮಂಡಳಿಗಳ ಪೇಟಿ ರಿಪೇರಿಯನ್ನು ಅವರಿಗೆ ಕಲಿಸಿದ್ದು ತಂದೆ ಶಂಭುಲಿಂಗಪ್ಪ. ತಂದೆ ತೀರಿಕೊಂಡು ಅಂಗಡಿ ಮಗಳದಾಯಿತು. ಆಮೇಲೆ ಕಿವಿ ಮಂದವಾಗುತ್ತ ಬಂದು, ಈಗ ಹೆಚ್ಚುಕಡಿಮೆ ಪೂರ್ತಿ ಹೋಗಿದೆ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. "ಕಿವುಡಿ ಕೈಯಾಗ ಪೇಟಿ ಯಾರು ಕೊಡ್ತಾರ್ರಿ? ಗಿರಾಕಿ ತುಟಿ ನೋಡಿ ಮಾತಾಡ್ತಿದ್ನಿ. ತಿಳೀಲಿಲ್ಲಂದ್ರ ನಕ್ಕಬಿಡ್ತಿದ್ನಿ."

ಅಂಥ ಹೊತ್ತಿನಲ್ಲಿ ಬಂದವನು ಕೇದಾರ. ತಾರಿಹಾಳದ ಮುಚ್ಚಿದ ವರ್ಕ್‌ಶಾಪೊಂದನ್ನೇ ಸ್ಟುಡಿಯೊ ಮಾಡಿಕೊಂಡ 'ಮಬ್ಬು' ಎಂಬ ಸೈಕೆಡೆಲಿಕ್ ರಾಕ್ ತಂಡದ ಗಿಟಾರಿಗ. ನಾದವನ್ನು ಎಳೆದೆಳೆದು ಕೇಳುಗರನ್ನು ಮಂಪರಿಗೆ ಒಯ್ಯುವ ಸಂಗೀತ ಇವರದು. ಮೊದಲ ಆಲ್ಬಂ 'ಕರಿಮಣ್ಣು'. ಅದರ ಕೊನೆಯ ಹಾಡಿನುದ್ದಕ್ಕೂ ಕೇದಾರನ ಅಜ್ಜಿಯ ಪೇಟಿಯ ತೀರ ಕೆಳಗಿನ ಸ್ವರವೊಂದು ಎಡೆಬಿಡದೆ ನಿಲ್ಲಬೇಕಿತ್ತು. ಕೆಟ್ಟಿದ್ದೂ ಅದೇ ಸ್ವರ. ಕಿವಿಯ ನೆರವೇ ಇಲ್ಲದೆ ಭಾಗ್ಯಶ್ರೀ ಶ್ರುತಿ ಮಾಡಿದ ಮೊದಲ ಪೇಟಿ ಅದು. ತಪ್ಪಿದರೆ ಅಂಗಡಿ ಮುಚ್ಚುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದರು. ಹುಡುಗರು ಬಹಳ ಛಲೋ ಆಗಿದೆ ಅಂದರು. "ಗಿಟಾರ ಕರಕರ ಅನಿಸೂ ಹುಡುಗ್ರು, ಅವರಿಗೆ ಎಲ್ಲಾ ಛಲೋನರಿ!" ಎಂದು ಅಕ್ಕ ನಗುತ್ತಾರೆ.

ಧಾರವಾಡದ ಪುಟ್ಟ ಸಭಾಂಗಣದಲ್ಲಿ ಆಲ್ಬಂ ಕೇಳಿಸಿದ ಸಂಜೆ ಅವರು ಸ್ಪೀಕರಿನ ಮೇಲೆ ಅಂಗೈ ಇಟ್ಟು ಕೂತಿದ್ದರು. ಗಿಟಾರು, ಡ್ರಮ್ಮುಗಳ ಅದುರಿನಲ್ಲಿ ಏನೂ ತಿಳಿಯಲೊಲ್ಲದು. ಹಿರಿಯರು ಮುಖ ಕಿವುಚುತ್ತಿದ್ದರು. ಪೇಟಿ ಕಲಿಸುತ್ತಲೇ ಮುಪ್ಪಾದ ತ್ರ್ಯಂಬಕ ಮಾಸ್ತರರಂತೂ ಎದ್ದು ಚಪ್ಪಲಿ ಹುಡುಕಲು ಹೊರಟೇಬಿಟ್ಟರು. ಭಾಗ್ಯಶ್ರೀ ಮಾಸ್ತರರ ಕಾಲನ್ನೇ ನೋಡುತ್ತ ಕೂತರು.

ಅಷ್ಟರಲ್ಲಿ ಕೊನೆಯ ಹಾಡು. ಆ ಬಿರುಗಾಳಿಯ ಅಡಿಯಲ್ಲಿ ಪೇಟಿಯ ಸ್ವರ ಒಂದಿಷ್ಟೂ ಅಲುಗದೆ ನಿಂತಿತು. ಅಬ್ಬಾ, ಏನು ನಾದ ಅದು! ಕೇಳಿದವರ ಮೈ ಜುಮ್ಮೆಂದಿತು. ಮಾಸ್ತರರ ಕಾಲು ಹೊಸ್ತಿಲಲ್ಲೇ ನಿಂತಿತು. ಈಗ ದೂರದೂರಿನವರೂ ಆ ಹಾಡನ್ನು ಮತ್ತೆ ಮತ್ತೆ ಕೇಳಿ, ಅದು ಯಾವ ವಾದ್ಯವೆಂದು ತಂಡಕ್ಕೆ ಬರೆಯುತ್ತಿದ್ದಾರೆ.

"ಈ ಪೇಟಿ ಶ್ರುತಿ ಯಾರು ಮಾಡ್ಯಾರೋ ಕೇದಾರ?" ಎಂದರು ಮಾಸ್ತರರು, ಆ ಸಂಜೆ ಹಾಡು ಮುಗಿದೊಡನೆ. ಹುಡುಗ ತೋರಿಸಿದ. ಅವರು ಬಂದು ಏನೋ ಕೇಳಿದರು. ದಪ್ಪ ಬಿಳಿ ಮೀಸೆಯಡಿ ತುಟಿ ಕಾಣದೆ ಭಾಗ್ಯಶ್ರೀಗೆ ತಿಳಿಯಲಿಲ್ಲ. ಈ ಸಲ ಅವರು ನಗಲಿಲ್ಲ. "ತಿಳೀಲಿಲ್ರಿ ಮಾಸ್ತರ, ನನಗ ಕಿವಿ ಕೇಳೂದಿಲ್ಲ," ಎಂದು ಎಲ್ಲರೆದುರೇ ಅಂದುಬಿಟ್ಟರು. ಸಭೆಗೆ ಸಭೆಯೇ ದಂಗಾಯಿತು. ಮಾಸ್ತರರು ಎರಡೂ ಕೈ ಜೋಡಿಸಿದರು.

ಇವತ್ತು ಅಕ್ಕನ ಗದ್ದದಡಿ ಇರುವುದು ಮಾಸ್ತರರ ಸ್ವಂತ ಪೇಟಿ.

ಬಾಗಿಲಲ್ಲಿ ಯಾರೋ ಪೇಟಿ ಹೊತ್ತು ಬಂದು ಕರೆಯುತ್ತಾರೆ. ಹೆಜ್ಜೆಗೆ ನೆಲ ಅದುರಿದ್ದು ಗದ್ದಕ್ಕೆ ಗೊತ್ತಾಗುತ್ತದೆ. ಭಾಗ್ಯಶ್ರೀ ಕಣ್ಣನ್ನೂ ತೆರೆಯುವುದಿಲ್ಲ.

"ಕಿವಿ ಕೇಳೂದಿಲ್ಲರಿ ನನಗ. ಪೇಟಿ ಇಟ್ಟು ಹೋಗ್ರಿ."